ಗೆಳೆಯನಿಗೊಂದು ಪತ್ರ: ತಡವಾಗಿ ಬಂದ ಹ್ಯೂಗೋ

ಪ್ರೀತಿಯ ಗೆಳೆಯಾ,

ಬರೆದವರೇ ಹೋದ ಮೇಲೆ ಪ್ರಶಸ್ತಿ ಕೊಟ್ಟು ಏನು ಪ್ರಯೋಜನ ಅಂತ ನೀನು ಕೇಳಿದ್ದೆ. ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ವೈಜ್ಞಾನಿಕ ಕತೆಗಳ ಅಭಿಮಾನಿಗಳು ಸೇರುವ ವರ್ಲ್ಡ್‌ಕಾನ್ 1939ರಲ್ಲೇ ನ್ಯೂಯಾರ್ಕಿನಲ್ಲಿ ಶುರುವಾಯಿತು. ಆ ಅಭಿಮಾನಿಗಳೇ ಮತ ಹಾಕಿ ಕೊಡುವ ಹ್ಯೂಗೋ ಪ್ರಶಸ್ತಿ ಬಂದಿದ್ದು 1953ರಲ್ಲಿ. ಹೀಗಾಗಿ ಅಸಿಮೋವ್, ಹೈನ್‌ಲೈನ್, ಬ್ರಾಡ್‌ಬರಿಯಂಥ ಲೇಖಕರು ಹೆಸರು ಮಾಡಿದ ಮೊದಲ ವರ್ಷಗಳಿಗೆ ಪ್ರಶಸ್ತಿಯೇ ಇರಲಿಲ್ಲ. ಆ ಖಾಲಿ ಜಾಗ ತುಂಬಲು, ಹಳೆಯ ವರ್ಷಗಳ ಬರಹಗಳಿಗೆ ತಡವಾಗಿ ಕೊಡುವ ರೆಟ್ರೋ ಹ್ಯೂಗೋ ಬಂತು. ಮೊದಲು ಕೊಟ್ಟಿದ್ದು 1996ರಲ್ಲಿ, 1945ರ ಬರಹಗಳಿಗೆ. ಆರ್ವೆಲ್‌ನ 'ಅನಿಮಲ್ ಫಾರ್ಮ್' ಅವತ್ತು ಗೆದ್ದವುಗಳಲ್ಲಿ ಒಂದು. 'ಫ್ಯಾರನ್‌ಹೀಟ್ 451'ಕ್ಕೆ 2004ರಲ್ಲಿ ಸಿಕ್ಕಾಗ ಬ್ರಾಡ್‌ಬರಿ ಇನ್ನೂ ಬದುಕಿದ್ದರು. 'ಲಿಟಲ್ ಪ್ರಿನ್ಸ್' ಬರೆದ ಸೇಂಟ್ ಎಕ್ಸುಪೆರಿಗೆ ಆ ಭಾಗ್ಯ ಇರಲಿಲ್ಲ. ಪುಸ್ತಕ ಹೊರಬಂದಿದ್ದು 1943ರಲ್ಲಿ. ಮರುವರ್ಷ ಯುದ್ಧದ ವಿಮಾನ ಹಾರಿಸುತ್ತಾ ಅವರು ಕಾಣೆಯಾದರು. ಪ್ರಶಸ್ತಿ ಬಂದಿದ್ದು 2019ರಲ್ಲಿ, ಡಬ್ಲಿನ್‌ನಲ್ಲಿ.

ಇವೆಲ್ಲ ನನಗೂ ಖುಷಿಯೇ. ಆದರೆ ಈ ಪ್ರಶಸ್ತಿಗಳಲ್ಲಿ ನನ್ನನ್ನು ಕಾಡುವುದು ಒಂದಿದೆ. ಮತ ಹಾಕಿದವರು ಇವತ್ತಿನ ಓದುಗರು. ಆ ಕಾಲದ ಪತ್ರಿಕೆಗಳನ್ನು ಹುಡುಕಿ ಓದಿದವರು ಕಡಿಮೆ, ಮುಂದೆ ದೊಡ್ಡದಾದ ಹೆಸರು ನೋಡಿ ಮತ ಹಾಕಿದವರು ಜಾಸ್ತಿ ಅಂತ ನನಗೆ ಅನಿಸುತ್ತದೆ. ಆರ್ಥರ್ ಕ್ಲಾರ್ಕ್ ವಿಷಯವನ್ನೇ ನೋಡು. 1938ರಲ್ಲಿ, ಇಪ್ಪತ್ತರ ಹುಡುಗ, ಅಭಿಮಾನಿಗಳ ಒಂದು ಸಣ್ಣ ಪತ್ರಿಕೆಗೆ 'ಹೌ ವಿ ವೆಂಟ್ ಟು ಮಾರ್ಸ್' ಅಂತ ತಮಾಷೆಯ ಕತೆ ಬರೆದ. 2014ರಲ್ಲಿ ಅದು 1938ರ ಅತ್ಯುತ್ತಮ ಸಣ್ಣ ಕತೆ ಆಯಿತು! ಕ್ಲಾರ್ಕ್ ಎಂದರೆ ನನಗೆ ಪ್ರಾಣ, ನಿನಗೆ ಗೊತ್ತು. ಆದರೂ ಕೇಳುತ್ತೇನೆ: ಆ ಹುಡುಗ ಮುಂದೆ ಏನೂ ಬರೆಯದೆ ಹೋಗಿದ್ದರೆ ಆ ಕತೆಗೆ ಯಾರು ಮತ ಹಾಕುತ್ತಿದ್ದರು?

2020ರಲ್ಲಿ 1944ರ ಬರಹಗಳ ಸರದಿ. ಅತ್ಯುತ್ತಮ ಸಂಪಾದಕ ಅಂತ ಗೆದ್ದಿದ್ದು 'ಅಸ್ಟೌಂಡಿಂಗ್' ಪತ್ರಿಕೆಯ ಜಾನ್ ಕ್ಯಾಂಬೆಲ್. ಹಿಂದಿನ ವರ್ಷವಷ್ಟೇ, ಜನಾಂಗದ ಬಗ್ಗೆ ಅವರಿಗಿದ್ದ ವಿಚಾರಗಳ ಕಾರಣಕ್ಕೆ, ಹೊಸ ಲೇಖಕರ ಪ್ರಶಸ್ತಿಯಿಂದ ಅವರ ಹೆಸರು ತೆಗೆದಿದ್ದರು. ಈಗ ಅವರಿಗೇ ಪ್ರಶಸ್ತಿ ಬಂತಲ್ಲ ಅಂತ ತುಂಬಾ ಜನ ನೊಂದುಕೊಂಡರು, ಅದು ಸರಿಯೇ. 1944ರ ಕ್ಯಾಂಬೆಲ್ ಒಳ್ಳೆಯ ಸಂಪಾದಕರೇ ಇರಬಹುದು. ಆದರೆ ಆ ಚೀಟಿಯ ಮೇಲೆ ಬಿದ್ದ ಮತ 2020ರದ್ದು ಅಲ್ವಾ?

ಅದೇ ವರ್ಷದ ಪಟ್ಟಿಯಲ್ಲಿ ಸೋತ ಕತೆಯೊಂದರ ಬಗ್ಗೆ ನಿನಗೆ ಹೇಳಲೇಬೇಕು. ಸಿ. ಎಲ್. ಮೂರ್ ಬರೆದ 'ನೋ ವುಮನ್ ಬಾರ್ನ್'. ಡೀರ್ಡ್ರಿ ಎಂಬ ಹಾಡುಗಾತಿ, ಕುಣಿಯುವವಳು, ಲೋಕಕ್ಕೆಲ್ಲ ಬೇಕಾದವಳು. ರಂಗಮಂದಿರಕ್ಕೆ ಬೆಂಕಿ ಬಿದ್ದು ಅವಳ ಮೈ ಸುಟ್ಟುಹೋಗುತ್ತದೆ. ಮಿದುಳು ಮಾತ್ರ ಉಳಿಯುತ್ತದೆ. ಮಾಲ್ಟ್ಸರ್ ಎಂಬ ವಿಜ್ಞಾನಿ ಅದಕ್ಕೆ ಹೊಂಬಣ್ಣದ ಲೋಹದ ಮೈ ಮಾಡಿಕೊಡುತ್ತಾನೆ. ಮುಖದ ಜಾಗದಲ್ಲಿ ಮುಖವಾಡ. ಅವಳು ಮತ್ತೆ ರಂಗಕ್ಕೆ ಹೋಗುತ್ತೇನೆ ಅನ್ನುತ್ತಾಳೆ. ಅವನು ಬೇಡ ಅಂತ ಗೋಗರೆಯುತ್ತಾನೆ. ಇವಳಿಗೆ ರುಚಿ ಇಲ್ಲ, ವಾಸನೆ ಇಲ್ಲ, ಸ್ಪರ್ಶ ಇಲ್ಲ, ಜನ ನೋಡಿ ಮರುಗುತ್ತಾರೆ ಅಂತ ಅವನ ಸಂಕಟ. ಅವಳ ಭಯವೇ ಬೇರೆ. ತನಗೆ ಏನೋ ಕಡಿಮೆಯಾಗಿದೆ ಅಂತಲ್ಲ, ತಾನು ಮನುಷ್ಯರನ್ನು ದಾಟಿ ಎಷ್ಟೋ ಮುಂದೆ ಹೋಗಿಬಿಟ್ಟೆ, ಜೊತೆಗೆ ಯಾರೂ ಇಲ್ಲ ಅಂತ. 1944ರಲ್ಲಿ ಒಬ್ಬ ಹೆಂಗಸು ಬರೆದಿದ್ದು ಇದು ಗೆಳೆಯಾ! ಓದುವಾಗ ನನ್ನ ಮೈ ಜುಮ್ಮೆಂದಿತು.

ಮೂರ್ ಇಂಡಿಯಾನಾಪೊಲಿಸ್‌ನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದವರು. ಕತೆ ಬರೆಯುವುದು ಅಲ್ಲಿ ಗೊತ್ತಾಗಬಾರದು ಅಂತ ಬರೀ ಇನಿಶಿಯಲ್ ಹಾಕಿಕೊಂಡರು. ಗಂಡ ಹೆನ್ರಿ ಕಟ್ನರ್ ಜೊತೆ ಸೇರಿ ಲೂಯಿಸ್ ಪ್ಯಾಜೆಟ್ ಎಂಬ ಹೆಸರಲ್ಲೂ ಬರೆದರು. ಆ ಜೋಡಿ ಹೆಸರಿನ ಕತೆಗಳಿಗೆ 2018ರಲ್ಲೂ 2019ರಲ್ಲೂ ರೆಟ್ರೋ ಹ್ಯೂಗೋ ಬಂತು. ಅವರೊಬ್ಬರೇ ಬರೆದ ಈ ಕತೆ ಮಾತ್ರ ಕ್ಲಿಫರ್ಡ್ ಸಿಮಾಕ್‌ರ 'ಸಿಟಿ'ಯ ಎದುರು ಸೋತಿತು. 'ಸಿಟಿ' ಒಳ್ಳೆಯ ಕತೆಯೇ. ನನ್ನ ಮನಸ್ಸು ಒಪ್ಪುವುದಿಲ್ಲ, ಅಷ್ಟೇ.

ರೆಟ್ರೋ ಹ್ಯೂಗೋಗಿಂತ ನನಗೆ ಹಿಡಿಸುವುದು ಕಾರ್ಡ್‌ವೇನರ್ ಸ್ಮಿತ್ ಪ್ರಶಸ್ತಿ. 2001ರಲ್ಲಿ, ಲೇಖಕ ಓಲಾಫ್ ಸ್ಟೇಪಲ್ಡನ್‌ರಿಗೆ ಕೊಡುವುದರಿಂದ ಶುರುವಾಯಿತು. ಮರೆತುಹೋದ ಲೇಖಕರನ್ನು ಮತ್ತೆ ಓದಿಸುವುದೇ ಅದರ ಕೆಲಸ. 2004ರಲ್ಲಿ ಮೂರ್ ಮತ್ತು ಕಟ್ನರ್, ಮರುವರ್ಷ ಲೀ ಬ್ರ್ಯಾಕೆಟ್. ಹೋದವರಿಗೆ ಪ್ರಶಸ್ತಿ ಯಾಕೆ ಅಂದೆಯಲ್ಲ, ಅದು ಹೋದವರಿಗಲ್ಲ, ನಿನಗೂ ನನಗೂ. ರೆಟ್ರೋ ಹ್ಯೂಗೋದಲ್ಲೂ ಗೆದ್ದವರನ್ನು ಬಿಟ್ಟು, ಅಂತಿಮ ಸುತ್ತಿಗೆ ಬಂದವರ ಪಟ್ಟಿ ಹಿಡಿದು ಓದು. ಮೂರ್ ಕತೆಯ ಕಡೆಗೆ ನಾನು ಹೋಗಿದ್ದೇ ಹಾಗೆ.

ಕತೆ ಸ್ವಲ್ಪ ಉದ್ದ, ಒಂದು ಭಾನುವಾರ ಇಟ್ಟುಕೋ. ಆಮೇಲೆ 'ಸಿಟಿ'ಯನ್ನೂ ಓದು. ಮಾಲ್ಟ್ಸರ್ ಹೆದರಿದ್ದು ಸರಿಯಾ, ನಿನ್ನ ಮತ ಯಾವ ಕತೆಗೆ, ಎರಡನ್ನೂ ಬರಿ. ಜಗಳಕ್ಕೆ ನಾನು ತಯಾರಿದ್ದೇನೆ.

ನಿನ್ನ ಗೆಳೆಯ