ಎಂಟು ವರ್ಷ, ಒಂದು ಮೊರ ಅಡಿಕೆ

ಹೋದ ಗುರುವಾರ ಮಧ್ಯಾಹ್ನ ನನ್ನ ಪಿಎಚ್‌ಡಿ ವೈವಾ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆ, ಮುಗಿಯಿತು. ಕಂಪ್ಯೂಟರಿನಿಂದ ಅಡಿಕೆ ಆರಿಸಲು ಕಲಿಸುವುದು ನನ್ನ ವಿಷಯ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. "ಕಂಪ್ಯೂಟರ್ ಹೇಳಿಕೊಟ್ಟಿದ್ದು ಮುಂದಿನ ವರ್ಷದ ಕೊಯ್ಲಿಗೂ ಹುಡುಗರ ತಲೆಯಲ್ಲಿ ಉಳಿದಿತ್ತಾ?" ಕೆಲವರಿಗೆ ಉಳಿದಿತ್ತು, ಕೆಲವರಿಗೆ ಇಲ್ಲ ಸರ್ ಅಂದೆ. ನಕ್ಕು ಪೆನ್ನಿನ ಮುಚ್ಚಳ ಹಾಕಿದರು. ನನ್ನನ್ನು ಐದು ನಿಮಿಷ ಆಚೆ ನಿಲ್ಲಿಸಿದರು. ಆಮೇಲೆ ಗೈಡ್ ಮೇಡಂ ಬಾಗಿಲು ತೆಗೆದು "ಬನ್ನಿ ಡಾಕ್ಟ್ರೇ" ಅಂದರು. ಕಾಲೇಜಿನ ಕೆಲಸ, ಮನೆ, ಮಗಳು ಎಲ್ಲದರ ನಡುವೆ ಎಂಟು ವರ್ಷ ಎಳೆದುಕೊಂಡು ಬಂದಿದ್ದು ಹೀಗೆ ಮುಗಿಯಿತು.

ಅವತ್ತಿನಿಂದ ಫೋನು ಬರ್ತಾನೇ ಇದೆ. ಒಬ್ಬೊಬ್ಬರಿಗೂ ಸರಿಯಾಗಿ ಥ್ಯಾಂಕ್ಸ್ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಅತ್ತೆಯ ಒಂದು ಮಾತು ತಿದ್ದಬೇಕು. "ನಮ್ಮ ಸೊಸೆ ಕಂಪ್ಯೂಟರಿಗೆ ಅಡಿಕೆ ಆರಿಸೋದು ಕಲಿಸ್ತಾಳೆ" ಎಂದು ತೀರ್ಥಹಳ್ಳಿ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ಅದು ಉಲ್ಟಾ. ಅಡಿಕೆ ಆರಿಸುವುದನ್ನು ಜನರಿಗೆ ಕಂಪ್ಯೂಟರ್ ಹೇಳಿಕೊಡಬಹುದಾ ಅನ್ನುವುದು ನನ್ನ ಕೆಲಸ. ಸರಕು, ಬೆಟ್ಟೆ, ರಾಶಿ, ಗೊರಬಲು, ಇವು ಅಡಿಕೆಯ ದರ್ಜೆಗಳು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸರಕಿನ ಬೆಲೆ ಎಲ್ಲಿ, ಗೊರಬಲಿನ ಬೆಲೆ ಎಲ್ಲಿ! ಒಂದು ಚೀಲದಲ್ಲಿ ಅದೂ ಇದೂ ಬೆರೆತರೆ ಮಂಡಿಯಲ್ಲಿ ಮಾತು ಕೇಳಬೇಕು. ಆರಿಸುವ ಕಣ್ಣಿದ್ದವರು ಊರಿಗೆ ಎಷ್ಟು ಜನ ಉಳಿದಿದ್ದಾರೆ ಅಂತ ಲೆಕ್ಕ ಹಾಕಿದರೆ ಭಯವಾಗುತ್ತದೆ.

ಈ ದಾರಿಗೆ ನನ್ನನ್ನು ಹಚ್ಚಿದ್ದು ಗೈಡ್ ಮೇಡಂ, ಕೋಳಿಮರಿಯ ಕಥೆ ಹೇಳಿ. ಒಂದು ದಿನದ ಕೋಳಿಮರಿ ಗಂಡೋ ಹೆಣ್ಣೋ ಎಂದು ನೋಡಿ ಹೇಳುವುದು ದೊಡ್ಡ ಕಸುಬು. ಅದರಲ್ಲಿ ಕೈ ಕುದುರಲು ವರ್ಷಗಟ್ಟಲೆ ಬೇಕು, ಕುದುರಿದ ಮೇಲೂ ಹೇಗೆ ಗೊತ್ತಾಯಿತು ಎಂದು ಹೇಳಲು ಬರುವುದಿಲ್ಲ ಎಂಬ ನಂಬಿಕೆ ಇತ್ತು. 1987ರಲ್ಲಿ ಬೀಡರ್‌ಮನ್ ಮತ್ತು ಶಿಫ್ರಾರ್ ಎಂಬ ಇಬ್ಬರು ಸಂಶೋಧಕರು ಆ ಕಸುಬಿನಲ್ಲಿ ಐವತ್ತು ವರ್ಷ ಕಳೆದವರೊಬ್ಬರನ್ನು ಕೂರಿಸಿಕೊಂಡು ಫೋಟೋ ತೋರಿಸಿ ಕೇಳಿದರು. ಎಲ್ಲಿ ನೋಡಬೇಕು, ಏನು ನೋಡಬೇಕು ಎಂದು ಒಂದು ಹಾಳೆಯಲ್ಲಿ ಬರೆದರು. ಆ ಹಾಳೆ ಓದಿದ ಹೊಸಬರು ಫೋಟೋಗಳಲ್ಲಿ ಪಳಗಿದವರ ಮಟ್ಟಕ್ಕೆ ಬಂದರು! ಮೇಡಂ ಈ ಪೇಪರ್ ನನ್ನ ಕೈಗಿಟ್ಟು, "ನಿಮ್ಮೂರಲ್ಲಿ ಕೋಳಿಮರಿ ಯಾವುದು ಹೇಳಿ" ಅಂದರು. ನಮ್ಮ ವಿಶ್ವವಿದ್ಯಾಲಯ ಇರುವ ಶಂಕರಘಟ್ಟದಿಂದ ವಾಪಸ್ ಬರುವ ಬಸ್ಸಿನಲ್ಲಿ ಕೂತಾಗ ಅಡಿಕೆ ಹೊಳೆಯಿತು. ಮೇಡಂ, ಆ ಪ್ರಶ್ನೆಗೆ ಮೊದಲ ನಮಸ್ಕಾರ. ನನ್ನ ಡ್ರಾಫ್ಟುಗಳ ಅಂಚಿನಲ್ಲಿ ನೀವು ಕೆಂಪು ಪೆನ್ನಿನಲ್ಲಿ ಬರೆದ "ಯಾಕೆ?"ಗಳನ್ನು ನಾನಿನ್ನೂ ಲೆಕ್ಕ ಮಾಡಿ ಮುಗಿಸಿಲ್ಲ.

ಮಾವನವರಿಗೂ ಒಂದು ಥ್ಯಾಂಕ್ಸ್ ಬಾಕಿ ಇದೆ. ನಾನು ಲ್ಯಾಪ್‌ಟಾಪಿನಲ್ಲಿ ಹುಡುಗರನ್ನು ಕೂರಿಸಿದ್ದು ನೋಡಿ, "ಗೇಮ್ ಆಡಿಸ್ಲಿಕ್ಕೆ ಪಿಎಚ್‌ಡಿನಾ?" ಅಂದಿದ್ದರು. ನಾನು ಸ್ಪೇಸ್ ಫೋರ್ಟ್ರೆಸ್ ಕಥೆ ಹೇಳಿದೆ. ಅದು ಕಲಿಕೆಯ ಸಂಶೋಧನೆಗೆಂದೇ ಮಾಡಿದ ಕಂಪ್ಯೂಟರ್ ಆಟ. ಇಸ್ರೇಲಿನ ವಾಯುಪಡೆಯಲ್ಲಿ ಪೈಲಟ್ ಆಗಲು ಬಂದವರಿಗೆ ಅದನ್ನು 10 ಗಂಟೆ ಆಡಿಸಿದರು. ಆಡಿದವರು ಆಡದವರಿಗಿಂತ ಚೆನ್ನಾಗಿ ವಿಮಾನ ಹಾರಿಸಿದರು ಎಂದು 1994ರಲ್ಲಿ ಗೋಫರ್ ಮತ್ತು ಜೊತೆಯವರು ಬರೆದರು. ಆಟದಲ್ಲಿ ಇವತ್ತು ಇದರ ಮೇಲೆ ಗಮನ ಕೊಡು, ನಾಳೆ ಅದರ ಮೇಲೆ ಕೊಡು ಎಂದು ಹೇಳಿ ಅಭ್ಯಾಸ ಮಾಡಿಸಿದ್ದರು. ಮಾವ ಎಲೆ ಮಡಚಿ ಬಾಯಿಗೆ ಹಾಕಿಕೊಂಡು, "ಹಾಗಾದ್ರೆ ಆಡ್ಸು" ಅಂದರು. ಮಾರನೇ ದಿನ ಅಟ್ಟದ ಮೇಲಿನ ಹಳೆ ಮೇಜು ಇಳಿದು ಜಗಲಿಗೆ ಬಂತು.

ನನ್ನ ಮೊದಲ ಪ್ರೋಗ್ರಾಂ ಮಾತ್ರ ಸೋತಿತು. ಅದು ಫೋಟೋ ತೋರಿಸುತ್ತಿತ್ತು, ಉತ್ತರ ಕೇಳುತ್ತಿತ್ತು, ಸರಿ ಅಥವಾ ತಪ್ಪು ಅನ್ನುತ್ತಿತ್ತು. "ಸುಳಿವು" ಅಂತ ಒಂದು ಬಟನ್ ಇತ್ತು. ಮೂರು ಸಲ ಒತ್ತಿದರೆ ಉತ್ತರವೇ ಬರುತ್ತಿತ್ತು. ಹುಡುಗರು ಎರಡೇ ದಿನದಲ್ಲಿ ಅದನ್ನು ಕಂಡುಹಿಡಿದರು. ಟಕ್ ಟಕ್ ಟಕ್, ಉತ್ತರ. ಟಕ್ ಟಕ್ ಟಕ್, ಉತ್ತರ. ಹೀಗೆ ಕಂಪ್ಯೂಟರನ್ನೇ ಯಾಮಾರಿಸುವ ಮಕ್ಕಳು ಕಲಿಯುವುದು ಕಡಿಮೆ ಎಂದು ಅಮೆರಿಕದ ವಿಶ್ವವಿದ್ಯಾಲಯ ಕಾರ್ನೆಗಿ ಮೆಲನ್‌ನ ಬೇಕರ್ ತಂಡ 2004ರಲ್ಲೇ ಬರೆದಿತ್ತು. ನಾನು ಓದಿಯೂ ಇದ್ದೆ. ನಮ್ಮೂರ ಹುಡುಗರು ಹಾಗಲ್ಲ ಅಂದುಕೊಂಡಿದ್ದೆ, ಅಷ್ಟೇ!

ಇನ್ನೂ ಒಂದು ವಿಷಯ ನನ್ನ ಕಣ್ಣೆದುರಿಗೇ ಇತ್ತು. 1984ರಲ್ಲಿ ಬ್ಲೂಮ್ ಎಂಬ ಶಿಕ್ಷಣ ಸಂಶೋಧಕರು ಹೇಳಿದ್ದರು: ಒಬ್ಬರಿಗೆ ಒಬ್ಬರೇ ಮೇಷ್ಟ್ರು ಕೂತು ಕಲಿಸಿದರೆ, ಸಾಧಾರಣ ಹುಡುಗನೂ ಮಾಮೂಲಿ ತರಗತಿಯ ನೂರರಲ್ಲಿ 98 ಮಂದಿಯನ್ನು ದಾಟುತ್ತಾನೆ. 2011ರಲ್ಲಿ ವ್ಯಾನ್‌ಲೇನ್ ಎಷ್ಟೋ ಪ್ರಯೋಗಗಳನ್ನು ಒಟ್ಟಿಗೆ ಹಾಕಿ ನೋಡಿದಾಗ ಮನುಷ್ಯ ಟ್ಯೂಟರೂ ಅಷ್ಟು ಎತ್ತರ ಮುಟ್ಟಿರಲಿಲ್ಲ. ಟ್ಯೂಟರೇ ಇಲ್ಲದೆ ಕಲಿತವರ ಜೊತೆ ಹೋಲಿಸಿದರೆ, ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಮನುಷ್ಯರ ಪರಿಣಾಮ 0.79 (ಬ್ಲೂಮ್ ಹೇಳಿದ್ದು ಇದೇ ಅಳತೆಯಲ್ಲಿ ಸುಮಾರು 2). ಹೆಜ್ಜೆ ಹೆಜ್ಜೆಗೂ ತಿದ್ದುವ ಕಂಪ್ಯೂಟರಿನದು 0.76. ಕೊನೆಯ ಉತ್ತರ ಮಾತ್ರ ನೋಡುವ ಕಂಪ್ಯೂಟರಿನದು 0.31. ನಾನು ಮಾಡಿಟ್ಟಿದ್ದು ಈ ಕೊನೆಯ ಜಾತಿಯದು. ಹೆಜ್ಜೆ ತಿದ್ದಬೇಕು ಸರಿ, ಆದರೆ ಅಡಿಕೆ ನೋಡುವುದರಲ್ಲಿ ಹೆಜ್ಜೆ ಯಾವುದು?

ಅದನ್ನು ತೋರಿಸಿಕೊಟ್ಟವರು ನಮ್ಮ ಮನೆಗೆ ಅಡಿಕೆ ಆರಿಸಲು ಬರುವ ಅಕ್ಕ. ಹೆಸರು ಹಾಕಬೇಡಿ, ನಾಚಿಕೆ ಆಗುತ್ತೆ ಅಂದಿದ್ದಾರೆ, ಹಾಕುವುದಿಲ್ಲ. ಆ ವರ್ಷ ತಮ್ಮ ತಂಗಿಯ ಮಗಳನ್ನು ಕೆಲಸ ಕಲಿಸಲು ಕರೆತಂದಿದ್ದರು. ನಾನು ನೋಟ್‌ಬುಕ್ ಹಿಡಿದು ಅಂಗಳದ ಮೂಲೆಯಲ್ಲಿ ಕೂತೆ. ಹುಡುಗಿ ಆರಿಸುತ್ತಿದ್ದಳು. ಅಕ್ಕ ಮಾತೇ ಆಡುತ್ತಿರಲಿಲ್ಲ. ಒಂದು ಗೊರಬಲು ರಾಶಿ ದರ್ಜೆಯ ಗುಂಪಿಗೆ ಹೋಯಿತು. ಅಕ್ಕ ಅದನ್ನು ಎತ್ತಿ, ಏನೂ ಹೇಳದೆ, ಹುಡುಗಿಯ ಮೊರಕ್ಕೇ ವಾಪಸ್ ಹಾಕಿದರು. ಹುಡುಗಿ ನೋಡಿದಳು. ಮತ್ತೆ ರಾಶಿಗೇ ಹಾಕಿದಳು. ಈ ಸಲ ಅಕ್ಕ ಅದರ ಪಕ್ಕದಲ್ಲಿ ರಾಶಿ ದರ್ಜೆಯ ಒಂದು ಒಳ್ಳೆ ಅಡಿಕೆ ಇಟ್ಟರು. ಹುಡುಗಿಗೆ ಇನ್ನೂ ಅನುಮಾನ. ಆಗ ಅಕ್ಕ ಆ ಗೊರಬಲನ್ನು ಮಗುಚಿ, ಅದರ ಒರಟು ಮೈಯ ಮೇಲೆ ಹುಡುಗಿಯ ಹೆಬ್ಬೆರಳನ್ನು ಹಿಡಿದು ಉಜ್ಜಿಸಿದರು. "ಈಗ ಎಲ್ಲಿಗೆ ಹಾಕ್ತಿ?" ಅಷ್ಟೇ. ಉತ್ತರ ಮಾತ್ರ ಅವರ ಬಾಯಿಂದ ಬರಲೇ ಇಲ್ಲ. ಸಂಜೆಯ ಹೊತ್ತಿಗೆ ತಪ್ಪಿದರೂ ಎತ್ತಿ ಕೊಡುವುದನ್ನು ಕಡಿಮೆ ಮಾಡಿದರು. ಮೊರ ತುಂಬಿದ ಮೇಲೆ ಒಟ್ಟಿಗೆ ನೋಡೋಣ ಅಂದರು.

ನನಗೆ ಮೈ ಜುಮ್ ಅಂತು. ಪ್ರತಿ ಸಲವೂ ತಕ್ಷಣ ಸರಿ ತಪ್ಪು ಹೇಳುತ್ತಾ ಹೋದರೆ ಅಭ್ಯಾಸದ ಹೊತ್ತಿಗೆ ಚೆನ್ನಾಗಿ ಕಾಣುತ್ತದೆ, ಆಮೇಲೆ ಉಳಿಯುವುದು ಕಡಿಮೆ ಎಂದು ಸಾಲ್ಮೋನಿ, ಶ್ಮಿಟ್, ವಾಲ್ಟರ್ 1984ರಲ್ಲೇ ಎಚ್ಚರಿಸಿದ್ದರು. ಅವರು ಬರೆದಿದ್ದು ಕೈಕಾಲಿನ ಕೌಶಲಗಳ ಬಗ್ಗೆ. ಅದನ್ನು ಮೂರು ಸಲ ಓದಿ ಅಡಿಗೆರೆ ಎಳೆದಿದ್ದರೂ ನನಗೆ ಅರ್ಥವಾಗಿದ್ದು ನಮ್ಮ ಅಂಗಳದಲ್ಲಿ. ಎರಡನೇ ಪ್ರೋಗ್ರಾಂ ಪೂರ್ತಿ ಅಕ್ಕನ ನಕಲು. ವಾಪಸ್ ಕೊಡು, ಪಕ್ಕದಲ್ಲಿಡು, ಮಗುಚಿ ತೋರಿಸು, ಕೈ ಬಿಡು. ಪ್ರಬಂಧದಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ, ಬಿಡಿ.

ಖುಷಿಯಿಂದ ಅಕ್ಕನನ್ನೇ ಕರೆದು ಹೊಸ ಪ್ರೋಗ್ರಾಂ ತೋರಿಸಿದೆ. ಸೆರಗಿಗೆ ಕೈ ಒರೆಸಿಕೊಂಡು ಹತ್ತಿಪ್ಪತ್ತು ಫೋಟೋ ನೋಡಿದರು. ಆಮೇಲೆ ಕೇಳಿದರು, "ಇದ್ರಲ್ಲಿ ತೂಕ ಎಲ್ಲಿದೆ ಅಮ್ಮಾ? ಸದ್ದು?" ಎರಡು ಅಡಿಕೆ ತೆಗೆದುಕೊಂಡು ಸಿಮೆಂಟಿನ ಮೇಲೆ ಬಿಟ್ಟರು. ಒಣಗಿದ್ದು ಟಣ್ ಅಂತು. ಹಸಿ ಉಳಿದಿದ್ದು ದಪ್ ಅಂತು. ನನ್ನ ಫೋಟೋದಲ್ಲಿ ಎರಡೂ ಒಂದೇ ಥರ ಇದ್ದವು. ಅವತ್ತಿನಿಂದ ಕಂಪ್ಯೂಟರಿನ ಪಕ್ಕ ಒಂದು ಮೊರ ಅಡಿಕೆ ಇಟ್ಟೆ. ಪರದೆ ನೋಡು, ಆಮೇಲೆ ಕೈಯಲ್ಲಿ ಹಿಡಿ. ನಂಬರ್ ಬರೆದ ಒಂದು ಬುಟ್ಟಿ ಅಡಿಕೆಗೆ ಅಕ್ಕನೂ ಇನ್ನಿಬ್ಬರೂ ಬೇರೆ ಬೇರೆ ಕೂತು ಜಾತಿ ಹೇಳಿದರು. ಕೆಲವಕ್ಕೆ ಮೂವರದೂ ಮೂರು ಮಾತು. ಯಾವುದು ಸರಿ ಅಂದರೆ, "ಅದು ಯಾಪಾರಿ ಬಂದ ದಿನದ ಮೇಲೆ" ಎಂದು ನಕ್ಕರು. ನನ್ನ ಐದನೇ ಅಧ್ಯಾಯ ಹುಟ್ಟಿದ್ದು ಆ ನಗುವಿನಿಂದ.

ಐದನೇ ವರ್ಷ ಮಳೆಗಾಲದ ಮೊದಲ ಸಿಡಿಲಿಗೆ ಲ್ಯಾಪ್‌ಟಾಪು, ಅದಕ್ಕೆ ಚುಚ್ಚಿಟ್ಟಿದ್ದ ಡಿಸ್ಕು ಎರಡೂ ಸುಟ್ಟವು. ಬ್ಯಾಕಪ್ಪನ್ನು ಅದೇ ಪ್ಲಗ್ಗಿನ ಪಕ್ಕ ಇಟ್ಟಿದ್ದು ನನ್ನದೇ ದಡ್ಡತನ. ಒಂದು ವಾರ ನಾನು ಯಾರ ಜೊತೆಗೂ ಮಾತಾಡಲಿಲ್ಲ. ಬಿಟ್ಟುಬಿಡ್ತೀನಿ ಅಂದಾಗ ಯಜಮಾನರು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಶಿವಮೊಗ್ಗದ ಬಸ್ಸು ಹತ್ತಿದರು. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ತಮ್ಮನೊಬ್ಬ ಹದಿನೈದು ದಿನ ಕೂತು ಅರ್ಧಕ್ಕಿಂತ ಜಾಸ್ತಿ ಡೇಟಾ ತೆಗೆದುಕೊಟ್ಟ. ದುಡ್ಡು ಮುಟ್ಟಲಿಲ್ಲ. ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಇಸಿದುಕೊಂಡ. ತಮ್ಮಾ, ಈ ವರ್ಷದ್ದೂ ಎತ್ತಿಟ್ಟಿದ್ದೇನೆ.

ಮಗಳಿಗೆ: ನೀನೇ ನನ್ನ ಮೊದಲ ವಿದ್ಯಾರ್ಥಿ. "ಅಮ್ಮಾ, ಇದು ಬೈಯಲ್ಲ, ಅದಕ್ಕೇ ನಿನಗಿಂತ ಇದೇ ಇಷ್ಟ" ಅಂದಿದ್ದೆ. ಅದನ್ನು ಪ್ರಬಂಧದಲ್ಲಿ ಹಾಕಲು ಮೇಡಂ ಬಿಡಲಿಲ್ಲ. ಟೈಮ್‌ಟೇಬಲ್ ಹಿಂದೆ ಮುಂದೆ ಮಾಡಿಕೊಟ್ಟ ಪ್ರಿನ್ಸಿಪಾಲರಿಗೆ, ನನ್ನ ಬದಲು ಕ್ಲಾಸಿಗೆ ಹೋದ ಸಹೋದ್ಯೋಗಿಗಳಿಗೆ, ಕರೆಂಟ್ ಹೋದಾಗೆಲ್ಲ ಯುಪಿಎಸ್ ಕೊಟ್ಟ ಪಕ್ಕದ ಮನೆಯವರಿಗೆ ಕೈ ಮುಗಿಯುತ್ತೇನೆ.

ಅಕ್ಕನಿಗೆ ಗುರುವಾರ ಸಂಜೆಯೇ ಫೋನ್ ಮಾಡಿ ಹೇಳಿದೆ. "ಒಳ್ಳೇದಾಯ್ತು. ಸಂಬ್ಳ ಜಾಸ್ತಿ ಆಗುತ್ತಾ?" ಅಂದರು. ಆಗಬಹುದು ಅಂದೆ. "ಹಾಗಾದ್ರೆ ಈ ಸಲ ನಮ್ಮ ಕೂಲೀನೂ ನೋಡಿ" ಅಂದರು. ನೋಡಲೇಬೇಕು, ಅಲ್ವಾ?

ದಸರಾ ಕಳೆದ ಮೇಲೆ ನಮ್ಮಲ್ಲಿ ಸುಲಿತ ಶುರು. ಸಿಹಿ ಊಟ ಅವತ್ತೇ ಇಟ್ಟುಕೊಂಡಿದ್ದೇವೆ, ಎಲ್ಲರೂ ಬನ್ನಿ. ಸುಲಿಯಲು ಕೂರುವವರು ಮೆಟ್ಟುಗತ್ತಿ ಮನೆಯಿಂದಲೇ ತನ್ನಿ. ನಮ್ಮಲ್ಲಿ ಇರುವುದು ನಾಲ್ಕೇ.