ಟೋಕಿಯೊದಲ್ಲಿ ನೆರವಾದ ಹಿರಿಯರಿಗೆ ಧನ್ಯವಾದ

ಟೋಕಿಯೊದ ರೊಪ್ಪೊಂಗಿಯ ರೊಬಾತಾಯಾಕಿ (ಗಿರಾಕಿಗಳ ಎದುರಿಗೇ ಕೆಂಡದಲ್ಲಿ ಸುಟ್ಟು ಬಡಿಸುವ) ಹೋಟೆಲೊಂದರಲ್ಲಿ ಒಲೆಯ ಮುಂದೆ ನಮ್ಮ ಪಕ್ಕದಲ್ಲೇ ಕುಳಿತಿದ್ದು, ಹೆಸರನ್ನೂ ಹೇಳದೆ ಹೊರಟುಹೋದ ಹಿರಿಯ ಮಹಿಳೆಯಾದ ತಮಗೆ ನನ್ನ ಮತ್ತು ನನ್ನ ತಾಯಿಯವರ ಹೃತ್ಪೂರ್ವಕ ಧನ್ಯವಾದಗಳು.

ತಾಯಿಯವರು ಮೀನು, ಮಾಂಸ ಮುಟ್ಟುವವರಲ್ಲ. ಜಪಾನಿನಲ್ಲಿ ಬರೀ ತರಕಾರಿಯಂತೆ ಕಾಣುವ ಖಾದ್ಯಕ್ಕೂ ಒಣಗಿಸಿದ ಬೊನಿಟೊ ಮೀನಿನಿಂದ ತೆಗೆದ ದಾಶಿ ಸಾರು ಸೇರಿರುವುದು ಸಾಮಾನ್ಯವಾದ್ದರಿಂದ, ಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಲದೆಂದು ಅರಿತ ತಾವು, ಅಡುಗೆಯವರನ್ನು ಜಪಾನಿ ಭಾಷೆಯಲ್ಲಿ ಒಂದೊಂದಾಗಿ ವಿಚಾರಿಸಿ, ಬದನೆ, ಶಿಟಾಕೆ ಅಣಬೆ, ಶಿಶಿತೊ ಮೆಣಸಿನಕಾಯಿಗಳನ್ನು ಬೇರೆ ಯಾವ ಸಾಸ್ ಸವರದೆ ಕೇವಲ ಉಪ್ಪು ಉದುರಿಸಿ ಸುಡುವಂತೆ ಏರ್ಪಾಡು ಮಾಡಿಸಿದಿರಿ. ಹೊಗೆ ಹೆಚ್ಚು ಬಿಡದ ಬಿಂಚೊತಾನ್ ಇದ್ದಿಲಿನ ಮೇಲೆ ಸುಟ್ಟು, ಉದ್ದನೆಯ ಮರದ ಸಲಿಕೆಯಲ್ಲಿ ಒಲೆಯಾಚೆಯಿಂದ ನಮ್ಮತ್ತ ಚಾಚಿದ ಆ ಬದನೆಯ ಸಿಪ್ಪೆ ಕಪ್ಪಾಗಿ ಬಿರಿದಿತ್ತು; ಒಳಗಿನ ತಿರುಳು ಊಟದ ಕಡ್ಡಿ ತಾಕಿಸಿದರೆ ಬಿಟ್ಟುಕೊಳ್ಳುವಷ್ಟು ಮೆತ್ತಗಿತ್ತು. (ನಮ್ಮ ಮನೆಯ ಸುಟ್ಟ ಬದನೆಕಾಯಿ ಗೊಜ್ಜಿಗೆ ಇದು ಸಾಟಿಯಲ್ಲ ಎಂಬ ತಾಯಿಯವರ ತೀರ್ಪನ್ನು ಆಗ ತಮಗೆ ತಿಳಿಸಲಿಲ್ಲ, ಮನ್ನಿಸಬೇಕು.)

ಕೇಳದೆಯೇ ತಂದಿಡುವ ಪುಟ್ಟ ಬಟ್ಟಲಿನ ಒತೋಶಿ ಎಂಬ ಮೊದಲ ತಿನಿಸಿಗೂ ಬಿಲ್ಲಿನಲ್ಲಿ ಹಣ ಸೇರಿಸುವುದು ಅಲ್ಲಿನ ರೂಢಿಯೆಂದೂ, ಟಿಪ್ಸ್ ಇಡುವ ಪದ್ಧತಿ ಇಲ್ಲವೆಂದೂ ತಾವು ಮೊದಲೇ ತಿಳಿಸಿದ್ದು ಬಹಳ ಉಪಕಾರವಾಯಿತು. ಬಿಲ್ಲೇನೋ ದುಬಾರಿಯೇ ಆಗಿತ್ತು. ಆದರೆ ಆ ಪ್ರವಾಸದಲ್ಲಿ ತಾಯಿಯವರು ಅನುಮಾನವಿಲ್ಲದೆ, ಹೊಟ್ಟೆ ತುಂಬ ಉಂಡ ಹೊರಗಿನ ಊಟ ಅದೊಂದೇ.