ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯವರಿಗೆ

ಎಲ್ಲರಿಗೂ ನಮಸ್ಕಾರ.

ಸೆಪ್ಟೆಂಬರ್ 3ರ ಸಂಜೆ, ಮಳೆ ನೀರು ನುಗ್ಗಿ ನೆನೆದಿದ್ದ ನೋಟಿಸುಗಳ ಕೊನೆಯ ಚೀಲ ಅಂಚೆ ಕಚೇರಿಯ ಕೌಂಟರ್ ದಾಟಿತು. ನಿಮಗೆಲ್ಲ ವಂದನೆ ಹೇಳಿ ಅವತ್ತೇ ಈ ಕಾಗದ ಬರೆಯಬೇಕಿತ್ತು. ಸೀಸನ್ ಮುಗಿಯುವವರೆಗೆ ಬಿಡುವೇ ಸಿಗಲಿಲ್ಲ. ಈಗ ಸೊಸೈಟಿಗಳ ಸಭೆಗಳೆಲ್ಲ ಮುಗಿದಿವೆ. ಸಮಾಧಾನವಾಗಿ ಕೂತು, ಒಬ್ಬೊಬ್ಬರನ್ನೂ ನೆನೆಸಿಕೊಂಡು ಬರೆಯುತ್ತಿದ್ದೇನೆ.

ನಮ್ಮದು ಸಣ್ಣ ಮೈಲಿಂಗ್ ಕೆಲಸ. 2000ನೇ ಇಸವಿಯ ಸೆಪ್ಟೆಂಬರ್‌ನಲ್ಲಿ ನಾನು, ನನ್ನ ತಮ್ಮ ಸೇರಿ ಒಂದು ಬಾಡಿಗೆ ರೂಮಿನಲ್ಲಿ ಶುರು ಮಾಡಿದೆವು. ಈ ತಿಂಗಳಿಗೆ 25 ವರ್ಷ ತುಂಬಿತು. ಮಠಗಳ ಮಾಸಪತ್ರಿಕೆ, ಸಂಘಗಳ ಆಹ್ವಾನ ಪತ್ರಿಕೆ, ಅಂಗಡಿಗಳ ಹಬ್ಬದ ಆಫರ್ ಕಾಗದ, ಸೊಸೈಟಿಗಳ ನೋಟಿಸ್, ಹೀಗೆ ಊರೂರಿಗೆ ಹೋಗಬೇಕಾದ ಕಾಗದವೆಲ್ಲ ನಮ್ಮಲ್ಲಿಗೆ ಬರುತ್ತದೆ. ಮಡಿಸುತ್ತೇವೆ, ಕವರಿಗೆ ಹಾಕುತ್ತೇವೆ, ವಿಳಾಸದ ಸ್ಟಿಕ್ಕರ್ ಅಂಟಿಸುತ್ತೇವೆ, ಪಿನ್‌ಕೋಡ್ ಪ್ರಕಾರ ವಿಂಗಡಿಸಿ ಕಟ್ಟು ಕಟ್ಟಿ ಅಂಚೆಗೆ ಹಾಕುತ್ತೇವೆ. ಒಟ್ಟು 11 ಜನ ಇದ್ದೇವೆ. ಅದರಲ್ಲಿ ಎಂಟು ಜನ ಹೆಂಗಸರು, ಎಲ್ಲರೂ ಸುತ್ತಮುತ್ತಲಿನ ಬೀದಿಗಳವರು.

ನೋಡುವವರಿಗೆ ಇದು ಸುಮ್ನೆ ಕಾಗದ ಮಡಿಸುವ ಕೆಲಸ ಅನ್ನಿಸಬಹುದು. ನಮ್ಮ ದೊಡ್ಡಕ್ಕನ ಕೈ ನೋಡಬೇಕು ನೀವು. ಮೊದಲ ದಿನದಿಂದ ನಮ್ಮ ಜೊತೆ ಇದ್ದಾರೆ. ಒಂದು ಹಳೇ ಸ್ಟೀಲ್ ಚಮಚದ ಬೆನ್ನಿನಿಂದ ಮಡಿಕೆಯ ಮೇಲೆ ಒಂದೇ ಸಲ ಎಳೆಯುತ್ತಾರೆ. ಅಂಚಿಗೆ ಅಂಚು ಕೂಡಿರುತ್ತದೆ. ಆ ಚಮಚ 25 ವರ್ಷ ಸವೆದು ಒಂದು ಕಡೆ ಚಪ್ಪಟೆಯಾಗಿದೆ. ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ.

ಆಗಸ್ಟ್, ಸೆಪ್ಟೆಂಬರ್ ನಮಗೆ ಸುಗ್ಗಿ. ಸೊಸೈಟಿಗಳು, ಅಂದರೆ ಸಹಕಾರ ಸಂಘಗಳು, ಸೆಪ್ಟೆಂಬರ್ 25ರೊಳಗೆ ಸರ್ವ ಸದಸ್ಯರ ಸಭೆ ಮುಗಿಸಬೇಕು. ಅದಕ್ಕೂ ಸಾಕಷ್ಟು ದಿನ ಮೊದಲೇ ನೋಟಿಸ್ ಸದಸ್ಯರ ಕೈ ಸೇರಬೇಕು. ತಡವಾದರೆ ಸಭೆಯಲ್ಲೇ ತಕರಾರು ಏಳುತ್ತದೆ. ಹಾಗಾಗಿ ಈ ಎರಡು ತಿಂಗಳು ನಮ್ಮಲ್ಲಿ ಹಗಲು ರಾತ್ರಿ ಒಂದೇ.

ಈ ಸಲ ಗಣೇಶನ ಹಬ್ಬ ಆಗಸ್ಟ್ 27ಕ್ಕೆ ಬಂತು. ಮರುದಿನ ರಾತ್ರಿ ಮಳೆ ಹಿಡಿಯಿತು. ಬೀದಿಯ ಚರಂಡಿ ಕಟ್ಟಿಕೊಂಡು ನೀರು ನಮ್ಮ ಗೋಡೌನಿಗೆ ನುಗ್ಗಿತು. ಒಂದು ಸೊಸೈಟಿಯ 9,400 ಸದಸ್ಯರ ನೋಟಿಸ್, ವಾರ್ಷಿಕ ವರದಿ, ಕವರು, ಎಲ್ಲ ಅಲ್ಲೇ ಇತ್ತು. ಅರ್ಧಕ್ಕಿಂತ ಜಾಸ್ತಿ ನೆಲದ ಮೇಲೆ. ರಾತ್ರಿ ಒಂದೂವರೆಗೆ ನಾನು ಬಾಗಿಲು ತೆಗೆದಾಗ ಮೊಣಕಾಲಿನವರೆಗೆ ನೀರು. ಕಟ್ಟುಗಳು ತೇಲುತ್ತಿದ್ದವು. ನನಗೆ ಅಳುವೂ ಬರಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮೊದಲು ಬಂದವರು ಪೆಂಡಾಲ್ ಹುಡುಗರು. ಗಣೇಶನ ಕಾವಲಿಗೆ ಮಲಗಿದ್ದವರು ಎದ್ದು ಬಂದರು. "ಅಕ್ಕ, ನೀವು ಮೇಲೆ ಇರಿ, ನಾವು ಎತ್ತಿಕೊಡ್ತೀವಿ" ಅಂದರು. ಸಾಲಾಗಿ ನಿಂತು ಕೈಯಿಂದ ಕೈಗೆ ಕಟ್ಟುಗಳನ್ನು ದಾಟಿಸಿದರು. ಸ್ವಲ್ಪ ಹೊತ್ತಿಗೆ ಒಬ್ಬ ಗಾರೆ ಕೆಲಸದ ಅಣ್ಣ ತಾವು ಕೆಲಸ ಮಾಡುವ ಸೈಟಿನಿಂದ ನೀರೆತ್ತುವ ಪಂಪ್ ತಳ್ಳಿಕೊಂಡು ಬಂದರು. ಅವರು ಯಾರೂಂತ ನನಗೆ ಗೊತ್ತಾಗಲಿಲ್ಲ. "ನನ್ನ ಮಗಳು ನಿಮ್ಮಲ್ಲಿ ಕಾರ್ಡ್ ಬರೆದಿದ್ಳು ಮೇಡಂ, ಯಾದಗಿರಿಗೆ" ಅಂದರು.

ಆ ಕಾರ್ಡಿನ ವಿಷಯ ಹೇಳಲೇಬೇಕು. ಪ್ರತಿ ವರ್ಷ ಅಕ್ಟೋಬರ್ 9, ವಿಶ್ವ ಅಂಚೆ ದಿನ. ಅವತ್ತು ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳನ್ನು ಕರೆದು, ಒಬ್ಬೊಬ್ಬರಿಗೂ ಒಂದು ಪೋಸ್ಟ್ ಕಾರ್ಡ್ ಕೊಡುತ್ತೇವೆ. ಇವತ್ತಿಗೂ ಅದರ ಬೆಲೆ 50 ಪೈಸೆ. ಅಜ್ಜ ಅಜ್ಜಿಗೆ ಬರೆಯಿರಿ ಅನ್ನುತ್ತೇವೆ. ಮಕ್ಕಳು ಕಾಗದವನ್ನು ಚೆನ್ನಾಗಿಯೇ ಬರೆಯುತ್ತಾರೆ, ವಿಳಾಸಕ್ಕೆ ಬಂದಾಗ ನಿಲ್ಲುತ್ತಾರೆ. "ಮಾರಮ್ಮನ ಗುಡಿ ಹಿಂದೆ" ಅಂತ ಬರೆದು ಪೆನ್ ಕಚ್ಚುತ್ತಾ ಕೂರುತ್ತಾರೆ. ಆಗ ಪಿನ್‌ಕೋಡ್ ಪಾಠ. 1972ರ ಆಗಸ್ಟ್ 15ರಂದು ಶುರುವಾದ ಆ ಆರು ಅಂಕಿಯನ್ನು ಒಂದೊಂದಾಗಿ ಬಿಡಿಸಿ ಹೇಳುತ್ತೇವೆ. ಮೊದಲ ಮೂರು ಅಂಕಿ ನೋಡಿದರೆ ಕಾಗದ ಯಾವ ಕಡೆಗೆ ಅಂತ ಗೊತ್ತಾಗುತ್ತದೆ. 570 ಮೈಸೂರು, 575 ಮಂಗಳೂರು, 580 ಹುಬ್ಬಳ್ಳಿ ಧಾರವಾಡ, 590 ಬೆಳಗಾವಿ. ಕೊನೆಯ ಮೂರು ಅಂಕಿ ಅಂಚೆ ಕಚೇರಿಯದು. ಎರಡು ವರ್ಷದ ಹಿಂದೆ ಆ ಅಣ್ಣನ ಮಗಳು 585ರಿಂದ ಶುರುವಾಗುವ ಯಾದಗಿರಿಗೆ, ತನ್ನ ಅಜ್ಜಿಗೆ ಬರೆದಿದ್ದಳು. ಅಜ್ಜಿಗೆ ಓದು ಬರದು. ಪೋಸ್ಟ್‌ಮ್ಯಾನ್ ಓದಿ ಹೇಳಿದರಂತೆ. ಅದನ್ನು ಅಜ್ಜಿ ಇನ್ನೂ ದೇವರ ಗೂಡಿನಲ್ಲಿ ಇಟ್ಟಿದ್ದಾರೆ ಅಂತ ಪಂಪ್ ಚಾಲೂ ಮಾಡುತ್ತಾ ಆ ಅಣ್ಣ ಹೇಳಿದರು. ಬೆಳಗಿನ ಜಾವ ನಾಲ್ಕಕ್ಕೆ ನೀರು ಖಾಲಿಯಾಯಿತು. ಪೆಟ್ರೋಲಿಗೆ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಬೆಳಗಾದಾಗ ಲೆಕ್ಕ ಹಾಕಿದೆವು. ವರದಿ ಪುಸ್ತಕದ ರಕ್ಷಾಪುಟ ಆರ್ಟ್ ಪೇಪರ್, ಅಂದರೆ ನುಣುಪು ಲೇಪದ ಕಾಗದ. ಅದು ನೆನೆದರೆ ಒಂದಕ್ಕೊಂದು ಹತ್ತಿ ಇಟ್ಟಿಗೆಯಾಗಿಬಿಡುತ್ತದೆ, ಬಿಡಿಸಲು ಹೋದರೆ ಬಣ್ಣವೇ ಕಿತ್ತು ಬರುತ್ತದೆ. 2,300 ಪುಸ್ತಕ ಹೀಗೆ ಹೋಯಿತು. ಕವರುಗಳದು ಇನ್ನೊಂದು ಪಾಡು. ಬಾಯಿಗೆ ಹಚ್ಚಿದ ಗೋಂದು ನೆನೆದು, ಒಳಗೆ ಏನೂ ಇಲ್ಲದೆ ತಾವೇ ಮುಚ್ಚಿಕೊಂಡಿದ್ದವು. ನೋಟಿಸ್ ಮಾತ್ರ ಲೇಪವಿಲ್ಲದ ಮ್ಯಾಪ್‌ಲಿಥೋ ಕಾಗದ. ಒಣಗಿಸಿದರೆ ಉಳಿಯುತ್ತದೆ ಅಂತ ದೊಡ್ಡಕ್ಕ ಅಂದರು.

ಎಲ್ಲಿ ಒಣಗಿಸುವುದು? ಮೋಡ ಬಿಟ್ಟಿರಲಿಲ್ಲ. ಪೆಂಡಾಲ್ ಹುಡುಗರು ತಮ್ಮಲ್ಲೇ ಮಾತಾಡಿಕೊಂಡು ಶಾಮಿಯಾನದ ಕೆಳಗೆ ಉದ್ದಕ್ಕೂ ಹಗ್ಗ ಕಟ್ಟಿದರು. ಬೀದಿಯ ಮನೆಮನೆಯಿಂದ ಬಟ್ಟೆ ಕ್ಲಿಪ್ ಬಂತು. ಬಾಡಿಗೆ ಫ್ಯಾನ್ ನಾಲ್ಕು ಬಂತು. ಎರಡು ದಿನ ನಮ್ಮ ಬೀದಿಯ ಗಣೇಶನ ತಲೆಯ ಮೇಲೆ, ಅಕ್ಕಪಕ್ಕ, ಎಲ್ಲೆಲ್ಲೂ ಸರ್ವ ಸದಸ್ಯರ ಸಭೆಯ ನೋಟಿಸ್. ಆರತಿಯ ಹೊತ್ತಿಗೆ ಮಾತ್ರ ಮುಂದಿನ ಎರಡು ಹಗ್ಗ ಸರಿಸುತ್ತಿದ್ದರು. ದರ್ಶನಕ್ಕೆ ಬಂದವರು ಪ್ರಸಾದ ತಿಂದು, ಕೈ ತೊಳೆದು, ಒಣಗಿದ್ದನ್ನು ಜೋಡಿಸಿಕೊಟ್ಟು ಹೋಗುತ್ತಿದ್ದರು.

ಒಣಗಿದ ಕಾಗದ ಮುದುಡಿತ್ತು. ಮೂಲೆಯ ಇಸ್ತ್ರಿ ಅಂಗಡಿ ಅಣ್ಣ ತಾವಾಗಿಯೇ ಬಂದು ಐವತ್ತೈವತ್ತರ ಕಟ್ಟು ಮಾಡಿಸಿಕೊಂಡರು. ಮೇಲೊಂದು ಪಂಚೆ ಹಾಸಿ, ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಮೆಲ್ಲಗೆ ಎಳೆದರು. ಹಬ್ಬದ ವಾರದಲ್ಲಿ ಅವರಿಗೂ ರಾಶಿ ಬಟ್ಟೆ ಬಾಕಿ ಇತ್ತು. ಆ ಬಟ್ಟೆಗಳ ಮನೆಯವರು ಯಾರೂ ಕೇಳಲಿಲ್ಲ. ನಿಮಗೂ ನನ್ನ ವಂದನೆ.

ಹಿಂದಿನ ಬೀದಿಯ ಪ್ರೆಸ್ಸಿನವರು ಶನಿವಾರ ರಾತ್ರಿ ಮಿಷನ್ ನಿಲ್ಲಿಸದೆ 2,300 ಪುಸ್ತಕ ಮತ್ತೆ ಅಚ್ಚು ಹಾಕಿಕೊಟ್ಟರು. ಸುಲ್ತಾನ್‌ಪೇಟೆಯ ಕಾಗದದ ವ್ಯಾಪಾರಿ ಫೋನಿನಲ್ಲೇ "ಗಾಡಿ ಕಳಿಸಿ ಅಮ್ಮ, ಲೆಕ್ಕ ದೀಪಾವಳಿ ಆದಮೇಲೆ ನೋಡೋಣ" ಅಂದರು. ಸೊಸೈಟಿಯ ಕಾರ್ಯದರ್ಶಿಗೆ ವಿಷಯ ತಿಳಿಸುವಾಗ ನನ್ನ ಗಂಟಲು ಕಟ್ಟಿತ್ತು. ಅವರು ಮೊದಲು ಕೇಳಿದ್ದು, "ನಿಮ್ಮವರಿಗೆ ಯಾರಿಗೂ ಏನೂ ಆಗಿಲ್ಲ ಅಲ್ವಾ?" ಆಮೇಲೆ, ಸಭೆ 21ಕ್ಕೆ ಇದೆ, 3ನೇ ತಾರೀಕಿನವರೆಗೆ ಸಮಯವಿದೆ ಅಂದರು. ಆ ಒಂದು ಮಾತಿನಿಂದ ನಮಗೆ ಉಸಿರು ಬಂತು.

ವಿಳಾಸದ ಸ್ಟಿಕ್ಕರ್‌ಗಳನ್ನು ನನ್ನ ತಮ್ಮ ಹೊಸದಾಗಿ ಪ್ರಿಂಟ್ ತೆಗೆದ. ಸೊಸೈಟಿಯ ಪಟ್ಟಿ ಕಂಪ್ಯೂಟರಿನ ಹಳೇ ಕನ್ನಡ ಅಕ್ಷರವಾದ ನುಡಿ ಫಾಂಟಿನಲ್ಲಿತ್ತು. ಅದನ್ನು ಈಗಿನ ಕಂಪ್ಯೂಟರುಗಳಲ್ಲಿ ನಡೆಯುವ ಯೂನಿಕೋಡ್‌ಗೆ ತರುವಾಗ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಹಾಳಾಗುತ್ತದೆ. ಹೆಸರು ತಪ್ಪಾಗಬಾರದು ಅಂತ ಪಿಯುಸಿ ಓದುವ ಮೂವರು ಹುಡುಗಿಯರು ಎರಡು ರಾತ್ರಿ ಕೂತು 9,400 ಹೆಸರನ್ನೂ ಓದಿದರು. ಈ ಮಕ್ಕಳು ಚಿಕ್ಕವರಿದ್ದಾಗ ನಮ್ಮಲ್ಲಿ ಉಳಿದ ಒಂದು ಬದಿಯ ಖಾಲಿ ಕಾಗದವನ್ನು ಹೊಲಿದು ನೋಟ್‌ಬುಕ್ ಮಾಡಿ ಕೊಡುತ್ತಿದ್ದೆವು. ಮೈದಾ ಅಂಟಿಗೆ ಚೂರು ಮೈಲುತುತ್ತ ಬೆರೆಸಿ ರಟ್ಟು ಹಚ್ಚುತ್ತಿದ್ದೆವು, ಹುಳು ಹಿಡಿಯಬಾರದು ಅಂತ. ಆ ಲೆಕ್ಕದ ಪುಸ್ತಕ ಇನ್ನೂ ಮನೆಯಲ್ಲಿದೆ ಆಂಟಿ ಅಂತ ಒಬ್ಬಳು ಹೇಳಿದಳು. ಅದು ಕೇಳಿ ನನಗೆ ಎಷ್ಟು ಸಂತೋಷವಾಯಿತು ಅಂತ ಹೇಳಲು ಬರುವುದಿಲ್ಲ.

ಅಂಚೆ ಕಚೇರಿಯವರ ಉಪಕಾರವನ್ನು ಹೇಗೆ ಮರೆಯಲಿ? ಕೊನೆಯ ದಿನ ನಮ್ಮ ಗಾಡಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿತ್ತು. ಕೌಂಟರಿನ ಅಕ್ಕ ಕೆಲಸದ ಹೊತ್ತು ಮುಗಿದರೂ ಎದ್ದು ಹೋಗದೆ ಕಾದರು. ಬೀಟಿನ ಪೋಸ್ಟ್‌ಮ್ಯಾನ್ ಅಣ್ಣ ಚೀಲ ಇಳಿಸಲು ಹೆಗಲು ಕೊಟ್ಟರು. ವರ್ಷಪೂರ್ತಿ ವಾಪಸ್ ಬಂದ ಕವರುಗಳನ್ನು ಜೋಪಾನವಾಗಿ ನಮಗೆ ತಲುಪಿಸುವವರೂ ಇವರೇ. "ಮನೆ ಬದಲಾಯಿಸಿದ್ದಾರೆ", "ಬಾಗಿಲು ಹಾಕಿದೆ" ಅಂತ ಮೇಲೆ ಬರೆದಿರುತ್ತದೆ. ಕೆಲವದರ ಮೇಲೆ "ತೀರಿಕೊಂಡಿದ್ದಾರೆ" ಅಂತ ಇರುತ್ತದೆ. ಇಪ್ಪತ್ತು ವರ್ಷ ನಾವೇ ಸ್ಟಿಕ್ಕರ್ ಅಂಟಿಸಿದ ಹೆಸರು ಅದು. ಮುಖ ನೋಡಿರುವುದಿಲ್ಲ, ಆದರೂ ಪಟ್ಟಿಯಿಂದ ತೆಗೆಯುವಾಗ ಕೈ ಒಂದು ಕ್ಷಣ ತಡೆಯುತ್ತದೆ.

ಇದಕ್ಕೂ ಮುಂಚೆ ಈ ಬೀದಿ ನಮ್ಮನ್ನು ನಡೆಸಿದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಪತ್ರಿಕೆಗಳೆಲ್ಲ ನಿಂತವು. ನಮ್ಮ 11 ಮನೆಗೂ ದಿನಸಿ ಅಂಗಡಿಯವರು ಉದ್ರಿ ಕೊಟ್ಟರು, ಒಂದು ಸಲವೂ ಚೀಟಿ ತೋರಿಸಲಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನೀವೆಲ್ಲ ತಂದುಕೊಟ್ಟ ಬಟ್ಟೆ, ಕಂಬಳಿ, ಅಕ್ಕಿಯನ್ನು ನಮ್ಮವರು ಪೆಟ್ಟಿಗೆ ಕಟ್ಟಿದ್ದರು. ಒಳಗೆ ಏನಿದೆ ಅಂತ ಪ್ರತಿ ಪೆಟ್ಟಿಗೆಯ ಮೇಲೂ ಸ್ಟಿಕ್ಕರ್ ಅಂಟಿಸಿದ್ದರು. "ಹೆಂಗಸರ ಸ್ವೆಟರ್, ದೊಡ್ಡ ಅಳತೆ." "ಮಗುವಿನ ಟೋಪಿ, 6." ಕತ್ತಲಲ್ಲಿ ಹುಡುಕುವವರಿಗೆ ಸುಲಭವಾಗಲಿ ಅಂತ ದೊಡ್ಡಕ್ಕ ಹೇಳಿ ಮಾಡಿಸಿದ್ದು ಅದು.

ದೊಡ್ಡಕ್ಕ ಸೇರಿ ನನ್ನ ಜೊತೆಗಾರರಿಗೆಲ್ಲ ಏನು ಹೇಳಲಿ. ಐದು ದಿನ ಮನೆಗೆ ಹೋಗಿ ಸ್ನಾನ ಮಾಡಿ ಬಂದಿದ್ದೇ ಬಿಡುವು. ಇಬ್ಬರ ಮನೆಗೂ ನೀರು ನುಗ್ಗಿತ್ತು ಅಂತ ನನಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ಅಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಅವರ ಮನೆಯ ನೆಲ, ಗೋಡೆ ರಿಪೇರಿ ಈಗ ನಡೆಯುತ್ತಿದೆ. ಪಂಪ್ ತಂದ ಅಣ್ಣನೇ ಆ ಕೆಲಸ ಮಾಡುತ್ತಿದ್ದಾರೆ. ಈ ಸಲ ಕೂಲಿ ತೆಗೆದುಕೊಳ್ಳಲೇಬೇಕು ಅಂತ ಒಪ್ಪಿಸಿದ್ದೇನೆ.

ಸಭೆಗೆ ಬಂದವರೆಲ್ಲ ವರದಿ ಪುಸ್ತಕ ಹಿಡಿದೇ ಬಂದಿದ್ದರು ಅಂತ ಕಾರ್ಯದರ್ಶಿಗಳು ಫೋನ್ ಮಾಡಿ ತಿಳಿಸಿದರು. ಈ ಮಾತು ನಿಮ್ಮೆಲ್ಲರಿಗೂ ಸೇರಬೇಕು ಅಂತಲೇ ಇಲ್ಲಿ ಬರೆದಿದ್ದೇನೆ.

ಅಕ್ಟೋಬರ್ 9, ಗುರುವಾರ, ಮಧ್ಯಾಹ್ನ ನಮ್ಮಲ್ಲಿ ಹೋಳಿಗೆ ಊಟ. ಎಲ್ಲರೂ ಬನ್ನಿ. ಮಕ್ಕಳೂ ಇರುತ್ತಾರೆ, ಅವತ್ತು ಕಾರ್ಡ್ ಬರೆಯುವ ದಿನ. ಈ ಸಲ ದೊಡ್ಡವರಿಗೂ ಒಂದೊಂದು ಕಾರ್ಡ್ ಇಟ್ಟಿದ್ದೇವೆ. ನಿಮ್ಮ ಊರಿನವರ ವಿಳಾಸ, ಪಿನ್‌ಕೋಡ್ ಬರೆದುಕೊಂಡು ಬನ್ನಿ.